ನಕ್ಷೆ ಹಿಡಿದು ಜನರ ಮುಂದೆ ನಿಂತ ಮಗಳಿಗೆ

ಧಾರವಾಡ

ಚಿರಂಜೀವಿ ಪುಟ್ಟವ್ವನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ನಕ್ಷೆಗಳನ್ನು ನೋಡಿದೆ. ಜೊತೆಗಿದ್ದ ಉದ್ದನೆಯ ಸಿಟ್ಟಿನ ಪತ್ರವನ್ನೂ ಓದಿದೆ. ಹುಬ್ಬಳ್ಳಿಯ ಕಾಯಿಪಲ್ಯ ಮಾರುಕಟ್ಟೆಗೆ ಹೊಸ ಕಟ್ಟಡ, ಅದರ ವಿನ್ಯಾಸ ತೋರಿಸಿ ಅಭಿಪ್ರಾಯ ಕೇಳಲು ಜನರ ಸಭೆ. ನಿನ್ನ ಆಫೀಸಿನ ಹಿರಿಯರು ಹಿಂದಿನ ಸಾಲಿನಲ್ಲಿ ಕೂತು ನಿನ್ನನ್ನು ಮುಂದೆ ಬಿಟ್ಟರು. ಒಬ್ಬರು ಇದು ಬಸ್ ಸ್ಟ್ಯಾಂಡ್ ಇದ್ದಂಗಿದೆ ಎಂದರು. ಒಬ್ಬರು ಪಾರ್ಕಿಂಗ್ ಎಲ್ಲಿ ಎಂದು ಕೂಗಾಡಿದರು. ಮತ್ತೊಬ್ಬರು ಬಾಗಿಲಿಗೆ ಕಮಾನು, ಎರಡು ಚಾಲುಕ್ಯರ ಕಂಬ ಬೇಕೇ ಬೇಕು ಅಂತ ಹಠ ಹಿಡಿದರು. ‘ಕಟ್ಟಡದ ಗಂಧಗಾಳಿ ಇಲ್ಲದವರಿಗೆ ನಾನ್ಯಾಕೆ ಉತ್ತರ ಕೊಡಬೇಕು ದೊಡ್ಡಪ್ಪಾ’ ಎಂದು ಕೇಳಿದ್ದೀಯ.

ಕೊಡಬೇಕು. ಯಾಕೆ ಅನ್ನೋದನ್ನು ಬೇಗ ಹೇಳಿ ಮುಗಿಸುತ್ತೇನೆ. ಹೇಗೆ ಅನ್ನೋದರ ಬಗ್ಗೆ ಜಾಸ್ತಿ ಬರೆಯಬೇಕಿದೆ.

ಒಂದೊಂದು ಕಟ್ಟಡದ ರೂಪದ ಬಗ್ಗೆ ಊರವರನ್ನು ಕೇಳಲೇಬೇಕು ಎಂಬ ನಿಯಮ ನಮ್ಮಲ್ಲಿಲ್ಲ. ಊರಿನ ಮಾಸ್ಟರ್ ಪ್ಲಾನ್ ಆದರೆ ಬೇರೆ ಮಾತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಅದನ್ನು ಜನರ ಮುಂದಿಡಬೇಕು, ಆಕ್ಷೇಪಣೆ ಹೇಳಲು 60 ದಿನ ಕೊಡಬೇಕು. ಅಲ್ಲೂ ನಮ್ಮವರು ನೋಡುವುದು ತಮ್ಮ ಜಾಗ ಮನೆ ಕಟ್ಟಬಹುದಾದ ಹಳದಿ ಬಣ್ಣದಲ್ಲಿದೆಯೋ, ಕಟ್ಟಬಾರದ ಹಸಿರಿನಲ್ಲಿದೆಯೋ ಅಂತ ಮಾತ್ರ. 20,000 ಚದರ ಮೀಟರ್ ಮುಟ್ಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಆದರೆ ಕಟ್ಟಡಗಳಿಗೆ ಜನರ ಅಹವಾಲು ಸಭೆ ಬೇಡ ಅಂತ ಈ ಅನುಮತಿಯ ನಿಯಮ ಹೇಳುವ 2006ರ ಅಧಿಸೂಚನೆಯೇ ವಿನಾಯಿತಿ ಕೊಟ್ಟುಬಿಟ್ಟಿದೆ. ದೆಹಲಿಯಲ್ಲಿ ನಗರ ಕಲಾ ಆಯೋಗ ಅಂತ ಒಂದಿದೆ. 1973ರ ಕಾಯ್ದೆಯಿಂದ ಹುಟ್ಟಿದ್ದು, 1974ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ನಕ್ಷೆ ನೋಡುವವರು ಪರಿಣತರು. ಮೆಂತೆ ಪಲ್ಯ ಮಾರುವವಳನ್ನು ಅಲ್ಲಿ ಯಾರೂ ಕರೆಯುವುದಿಲ್ಲ.

ಅಂದರೆ ನಿನ್ನ ಸಭೆ ಯಾರೋ ಒಬ್ಬರಿಗೆ ಒಳ್ಳೆ ಬುದ್ಧಿ ಬಂದು ಕರೆದ ಸಭೆ. ಇಂಥದ್ದು ಒಮ್ಮೆ ಕೆಟ್ಟರೆ ಮತ್ತೆ ಯಾರೂ ಆ ಉಸಾಬರಿಗೆ ಹೋಗುವುದಿಲ್ಲ. ಕೇಳದೇ ಹೋದರೆ ಏನಾಗುತ್ತದೆ ಅಂತ ಬೆಂಗಳೂರಿನವರು ನೋಡಿದ್ದಾರೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಸುಮಾರು 1,800 ಕೋಟಿಯ ಸ್ಟೀಲ್ ಬ್ರಿಜ್ ಅಂತ ಎಲ್ಲ ತಯಾರಿ ಆಗಿತ್ತು. 2016ರ ಅಕ್ಟೋಬರಿನಲ್ಲಿ ಜನ ರಸ್ತೆಯಲ್ಲಿ ಸಾಲಾಗಿ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಬ್ರಿಜ್ ಬೇಕಿತ್ತೋ ಬೇಡವಾಗಿತ್ತೋ, ಆ ಜಗಳಕ್ಕೆ ನಾನು ಬರೋದಿಲ್ಲ. ಮೊದಲೇ ಕೇಳಿದ್ದರೆ ಆ ನಕ್ಷೆ ಬರೆದವರ ಶ್ರಮವಾದರೂ ಉಳಿಯುತ್ತಿತ್ತು.

ಇನ್ನು ನಿನ್ನ ವಿಷಯ. ನೀನು ಪರದೆ ಮೇಲೆ ತೋರಿಸಿದ ಚಿತ್ರಗಳು ಬಹಳ ಚೆಂದ ಇವೆ. ನೀಲಿ ಆಕಾಶ, ಹೊಳೆಯುವ ನೆಲ, ಕೈಯಲ್ಲಿ ಕಾಗದದ ಚೀಲ ಹಿಡಿದು ಓಡಾಡುವ ಬೆಳ್ಳನೆಯ ಜನ. ಒಂದು ಕೊಳೆತ ಟೊಮೆಟೊ ಇಲ್ಲ, ಒಂದು ಬಿಡಾಡಿ ದನ ಇಲ್ಲ. ಇದನ್ನು ನೋಡಿದವರಿಗೆ ಎಲ್ಲ ಮುಗಿದುಹೋಗಿದೆ ಅನ್ನಿಸುತ್ತದೆ. ಮದುವೆ ಕಾರ್ಡು ಹಂಚಿ ಬಂದ ಮೇಲೆ ಹುಡುಗ ಹೇಗಿದ್ದಾನೆ ಅಂತ ಕೇಳಿದಂತಾಯಿತು. ಆಗ ಜನ ಏನು ಹೇಳಬೇಕು? ಬಣ್ಣದ ಬಗ್ಗೆ, ಕಮಾನಿನ ಬಗ್ಗೆ ಹೇಳುತ್ತಾರೆ. ಅವರಿಗೆ ನೀನು ಉಳಿಸಿದ್ದು ಅಷ್ಟೇ.

ಆದ್ದರಿಂದ ಮುಂದಿನ ಸಲ ಪೆನ್ಸಿಲ್ ನಕ್ಷೆ ತಗೊಂಡು ಹೋಗು. ರಬ್ಬರ್ ಇನ್ನೂ ಕೆಲಸ ಮಾಡುವಾಗಲೇ ಕೇಳು. ಕಾಲಂ ಜಾಗ ನಿಶ್ಚಯವಾಗಿ, ಅಂದಾಜು ಪಟ್ಟಿ ಸಹಿಯಾಗಿ, ಟೆಂಡರ್ ಕರೆದ ಮೇಲೆ ಕೇಳುವುದು ನಾಟಕ. ಜನರಿಗೆ ಅದು ತಿಳಿಯುತ್ತದೆ.

ಪೆನ್ಸಿಲ್ ನಕ್ಷೆಯೂ ಎಲ್ಲರಿಗೂ ಅರ್ಥವಾಗುವುದಿಲ್ಲ ಅನ್ನು. ಪ್ಲಾನ್ ಓದಲು ನೀನು ಐದು ವರ್ಷ ಕಲಿತೆ. ಅವರಿಗೆ ಐದು ನಿಮಿಷದಲ್ಲಿ ಬರಬೇಕು ಅಂದರೆ ಹೇಗೆ? ಇದಕ್ಕೆ ನಮ್ಮ ಮೇಸ್ತ್ರಿಗಳ ಹತ್ತಿರವೇ ಉಪಾಯ ಇದೆ. ಪಾಯ ತೋಡುವ ಮೊದಲು ಅವರು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಹಾಕುತ್ತಾರಲ್ಲ, ಅದನ್ನೇ ಆರು ತಿಂಗಳು ಮೊದಲು ಹಾಕಿಸು. ಇಡೀ ಮಾರುಕಟ್ಟೆ ಬೇಡ. ಹತ್ತು ಮಳಿಗೆ, ಒಂದು ಓಣಿ, ಒಂದು ಬಾಗಿಲು ಸಾಕು.

ನಾನು ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದಾಗ ಹಾವೇರಿ ಕಡೆಯ ಒಂದು ಊರಿನಲ್ಲಿ ಹೀಗೆ ಗೆರೆ ಹಾಕಿದ್ದೆವು. ಕಾಗದದ ಮೇಲೆ ತೋರಿಸಿದಾಗ ಎಲ್ಲರೂ ‘ಛಲೋ ಐತ್ರಿ’ ಅಂದಿದ್ದರು. ಗೆರೆಯೊಳಗೆ ಬಂದು ಕೂತ ಒಬ್ಬ ಮುದುಕಿ ಬುಟ್ಟಿ ಇಟ್ಟಳು, ತಕ್ಕಡಿ ಇಟ್ಟಳು, ಆಮೇಲೆ ಎದುರಿನವಳನ್ನು ನೋಡಿ ನಕ್ಕಳು. ‘ಯವ್ವಾ, ನನ್ನ ಪಲ್ಯಾ ಅಕಿ ಬುಟ್ಟ್ಯಾಗ ಬೀಳತೈತಿ. ಗಿರಾಕಿ ಎಲ್ಲಿ ನಿಂದ್ರಬೇಕು?’ ಓಣಿ ನಾಲ್ಕು ಅಡಿ ಇತ್ತು. ಎರಡೂ ಕಡೆ ಬುಟ್ಟಿಗಳು ಒಂದೊಂದು ಅಡಿ ಮುಂದೆ ಬಂದರೆ ಉಳಿಯುವುದು ಎರಡೇ ಅಡಿ. ನಮ್ಮ ನಕ್ಷೆಯಲ್ಲಿ ಬುಟ್ಟಿಯೇ ಇರಲಿಲ್ಲ. ಓಣಿ ಅಗಲ ಮಾಡಿದ್ದಕ್ಕೆ ನಾಲ್ಕು ಮಳಿಗೆ ಕಡಿಮೆಯಾದವು, ಬಾಡಿಗೆ ಲೆಕ್ಕ ಹಾಕುವವರಿಗೆ ಸಿಟ್ಟು ಬಂತು. ಆದರೆ ಆ ಮಾರುಕಟ್ಟೆ ತುಂಬಿತು.

ತುಂಬದೇ ಇದ್ದವೂ ಇವೆ. ಊರಿನ ಹೆಸರು ಬೇಡ. ಒಳಗೆ ಗ್ರಾನೈಟ್ ಕಟ್ಟೆ, ಮೇಲೆ ಫ್ಯಾನು, ಉದ್ಘಾಟನೆಯ ಕಲ್ಲು. ವ್ಯಾಪಾರ ಮಾತ್ರ ಹೊರಗೆ ಗಟಾರದ ಪಕ್ಕದಲ್ಲೇ. ಕಟ್ಟೆ ಎರಡೂವರೆ ಅಡಿ ಎತ್ತರ ಇತ್ತು. ನಿನ್ನ ನಕ್ಷೆಯಲ್ಲೂ 75 ಸೆಂಟಿಮೀಟರ್ ಅಂತ ನೋಡಿದೆ. ನಿಂತು ಕೊಳ್ಳುವವರಿಗೆ ಅದು ಅನುಕೂಲ, ಸರಿ. ಆದರೆ ಕುಂದಗೋಳ, ಕಲಘಟಗಿ ಕಡೆಯಿಂದ ಬೆಳಗಿನ ಬಸ್ಸಿಗೆ ತಪ್ಪಲ ಪಲ್ಯ ತರುವ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ದಿನಕ್ಕೆ ಎಷ್ಟು ಸಲ ಅದನ್ನು ಹತ್ತಿ ಇಳಿಯಬೇಕು? ಅವರಿಗೆ ನೀರು ಹರಿದು ಬರದಷ್ಟು, ಅರ್ಧ ಅಡಿ ಎತ್ತರದ ಜಗಲಿ ಸಾಕು. ಕಾಯಂ ಅಂಗಡಿಯವರಿಗೆ ಬೇರೆ, ಮುಂಜಾನೆ ಬಂದು ಮಧ್ಯಾಹ್ನದೊಳಗೆ ಮಾರಿ ಹೋಗುವವರಿಗೆ ಬೇರೆ. ನಿನ್ನ ನಕ್ಷೆಯಲ್ಲಿ ಎರಡನೆಯವರು ಇಲ್ಲವೇ ಇಲ್ಲ. ಅವರನ್ನು ಮರೆತದ್ದು ನೀನೊಬ್ಬಳೇ ಅಲ್ಲ ಬಿಡು. ನಿನಗೆ ಕೊಟ್ಟ ಪಟ್ಟಿಯಲ್ಲೇ ಅವರು ಇರಲಿಕ್ಕಿಲ್ಲ.

ಅವರು ಸಭೆಗೂ ಬಂದಿರಲಿಲ್ಲ, ಅಲ್ವಾ? ಹೇಗೆ ಬರಬೇಕು? ಸಭೆ ಇಟ್ಟದ್ದು ಬೆಳಿಗ್ಗೆ ಹನ್ನೊಂದಕ್ಕೆ, ವ್ಯಾಪಾರದ ಹೊತ್ತಿಗೆ. ಬಂದವರು ಯಾರು? ಅಂಗಡಿ ಮಾಲಿಕರು, ಕಾರ್ಪೊರೇಟರ್ ಹಿಂದೆ ಓಡಾಡುವ ಹುಡುಗರು, ಆಮೇಲೆ ನನ್ನಂಥ ರಿಟೈರ್ಡ್ ಮಂದಿ. ನಮಗೆ ಮೈಕ್ ಸಿಕ್ಕರೆ ಬಿಡುವವರಲ್ಲ. ಸಭೆಯಲ್ಲಿ ಜೋರಾಗಿ ಬಂದ ದನಿಯನ್ನು ಊರಿನ ದನಿ ಅಂತ ತಿಳಿಯಬೇಡ. ಮಧ್ಯಾಹ್ನ ಎರಡು ಮೂರು ಗಂಟೆಗೆ, ಗಿರಾಕಿ ಕಡಿಮೆ ಇದ್ದಾಗ, ನೀನೇ ಅವರ ಹತ್ತಿರ ಹೋಗಿ ಕೂತುಕೋ. ಇನ್ನೊಂದು ದಿನ ನಸುಕಿನಲ್ಲಿ ಹೋಗು. ಅಮರಗೋಳದ ಎಪಿಎಂಸಿಯಿಂದ ಟೆಂಪೊಗಳು ಬಂದಾಗ ಹಮಾಲರು ಚೀಲ ಹೊತ್ತು ಯಾವ ದಾರಿಯಲ್ಲಿ ಓಡುತ್ತಾರೆ ನೋಡು. ಸುಮ್ನೆ ನೋಡು, ಏನೂ ಕೇಳಬೇಡ. ಕಾನೂನಿನ ಬಲ ಬೇಕಾದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಅದರ ಪ್ರಕಾರ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ನಕ್ಷೆ ಆ ಸಮಿತಿಯ ಮುಂದೆಯೂ ಹೋಗಲಿ.

ಕೇಳುವ ರೀತಿಯೂ ಬದಲಾಗಬೇಕು. ‘ಹೇಗಿದೆ?’ ಅಂತ ಕೇಳಿದರೆ ಛಲೋ ಅಂತಲೋ ಹೊಲಸು ಅಂತಲೋ ಬರುತ್ತದೆ. ಎರಡರಿಂದಲೂ ಒಂದು ಗೆರೆ ಬರೆಯಲು ಆಗೋದಿಲ್ಲ. ‘ಮಳೆ ಬಂದರೆ ಏನು ಮಾಡುತ್ತೀರಿ?’ ‘ಮಾರದೆ ಉಳಿದ ಪಲ್ಯ ಎಲ್ಲಿಡುತ್ತೀರಿ?’ ‘ಸಂಡಾಸಕ್ಕೆ ಎಲ್ಲಿಗೆ ಹೋಗುತ್ತೀರಿ, ಆಗ ಅಂಗಡಿ ಯಾರು ನೋಡುತ್ತಾರೆ?’ ಇಂಥವನ್ನು ಕೇಳು. ಕೊನೆಯ ಪ್ರಶ್ನೆಯನ್ನು ನೀನು ಕೇಳಿದರೆ ಉತ್ತರ ಬರುತ್ತದೆ. ನಿನ್ನ ಆಫೀಸಿನ ಗಂಡಸರು ಕೇಳಿದರೆ ಬರೋದಿಲ್ಲ. ಹೆಂಗಸರ ಶೌಚಾಲಯವನ್ನು ಹಿಂದಿನ ಮೂಲೆಗೆ, ಕಸದ ತೊಟ್ಟಿಯ ಪಕ್ಕಕ್ಕೆ ಹಾಕಿದ್ದೀರಿ. ಕತ್ತಲಾದ ಮೇಲೆ ಅಲ್ಲಿಗೆ ಯಾರು ಹೋಗುತ್ತಾರೆ?

ಪಡುವಣ ಗೋಡೆಯ ಬಗ್ಗೆ ನಾನೇ ಒಂದು ಆಕ್ಷೇಪಣೆ ಬರೆದುಬಿಡುತ್ತೇನೆ. ಅಲ್ಲಿ ತೂತಿನ ಇಟ್ಟಿಗೆ ಜಾಲಿ ಇಟ್ಟಿದ್ದೀಯ. ಬೇಸಿಗೆಗೆ ಗಾಳಿ ಆಡುತ್ತದೆ, ನೆರಳು ನೆಲದ ಮೇಲೆ ಚೆಂದ ಬೀಳುತ್ತದೆ, ಒಪ್ಪಿದೆ. ಆದರೆ ನಮ್ಮ ಕಡೆ ಮುಂಗಾರು ಮಳೆ ಪಡುವಣ ಗಾಳಿಯ ಜೊತೆ ಅಡ್ಡಡ್ಡ ಹೊಡೆಯುತ್ತದೆ. ಜೂನಿನಿಂದ ಆ ಪಕ್ಕದ ಎರಡು ಸಾಲು ಅಂಗಡಿಯವರು ತಾಡಪತ್ರಿ ಕಟ್ಟಿಕೊಂಡು ಕೂರಬೇಕು. ತಾಡಪತ್ರಿ ಬಂದ ಮೇಲೆ ನಿನ್ನ ಜಾಲಿ ಯಾರಿಗೂ ಕಾಣೋದಿಲ್ಲ. ಜಾಲಿಯನ್ನು ಮೂಡಣ ಕಡೆಗೆ ಒಯ್ಯು. ಇಲ್ಲವೇ ಪಶ್ಚಿಮಕ್ಕೆ ಆರೇಳು ಅಡಿ ಪಡಸಾಲೆ ಚಾಚಿ, ಅದರ ಹಿಂದೆ ಜಾಲಿ ಇಡು.

ಎಲ್ಲ ಮಾತಿಗೂ ತಲೆಯಾಡಿಸು ಅಂತ ನಾನು ಹೇಳುತ್ತಿಲ್ಲ. ರ‍್ಯಾಂಪ್ ಜಾಗ ತಿನ್ನುತ್ತದೆ, ತೆಗೀರಿ ಅಂತ ಒಬ್ಬರು ಅಂದರಂತೆ. ತೆಗೆಯಬೇಡ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು, ಅದು ಲೆಕ್ಕ. ನಿನ್ನ ನೆಲ ಒಂದೂವರೆ ಅಡಿ ಮೇಲಿದೆ, ಅದಕ್ಕೆ ಹದಿನೆಂಟು ಅಡಿ ಆಗಲೇಬೇಕು. ಜಾಗ ಉಳಿಸಬೇಕಾದರೆ ನೆಲ ತಗ್ಗಿಸು, ಇಳಿಜಾರನ್ನು ಕಡಿದಾಗಿ ಮಾಡಬೇಡ. ಗಾಲಿಕುರ್ಚಿಯವರಿಗಿಂತ ಜಾಸ್ತಿ ಅದನ್ನು ಬಳಸುವವರು ಗಾಡಿ ತಳ್ಳುವ ಹಮಾಲರು ಅಂತ ಆ ಮನುಷ್ಯನಿಗೆ ಹೇಳು, ಆಗ ಒಪ್ಪಿಯಾನು. ಪಾಯದ ವಿಷಯದಲ್ಲೂ ಹಾಗೆ. ಆ ಭಾಗದ್ದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಎಷ್ಟು ಆಳ, ನೆಲದಾಳಕ್ಕೆ ಇಳಿಸುವ ಕಂಬ, ಅಂದರೆ ಪೈಲ್, ಎಂಥದ್ದು ಅನ್ನೋದನ್ನು ಮಣ್ಣು ಪರೀಕ್ಷೆ ಹೇಳಬೇಕು, ಸಭೆ ಹೇಳಬಾರದು. 2019ರ ಮಾರ್ಚ್ 19ರಂದು ಇಲ್ಲೇ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಕಟ್ಟಡದ ಗಟ್ಟಿತನದ ಹೊಣೆ ಸಹಿ ಹಾಕಿದ ಎಂಜಿನಿಯರಿನದು. ‘ಜನರಿಗೆ ತೋರಿಸಿದ್ದೆವು’ ಅಂತ ಅದನ್ನು ಯಾರ ತಲೆಗೂ ಕಟ್ಟುವಂತಿಲ್ಲ.

ಚಾಲುಕ್ಯರ ಕಂಬ ಕೇಳಿದವರ ಮೇಲೆ ನಿನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದಿದೆ. ನನಗೂ ಸಿಮೆಂಟಿನ ಅಚ್ಚು ಕಂಬ ಕಂಡರೆ ಆಗೋದಿಲ್ಲ. ಆದರೆ ನೀನು ಅವರನ್ನು ನೋಡಿ ನಕ್ಕೆಯಂತೆ. ಅದು ಸರಿಯಲ್ಲ. ಅವರನ್ನು ಒಂದು ದಿನ ಚಾಲುಕ್ಯರ ಕಾಲದ ಗುಡಿಗಳಿರುವ ಲಕ್ಕುಂಡಿಗೆ ಕರೆದುಕೊಂಡು ಹೋಗು. ಗದಗಿನಿಂದ ಹನ್ನೆರಡು ಕಿಲೋಮೀಟರ್ ಆಸುಪಾಸು, ದೂರ ಇಲ್ಲ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಿನಲ್ಲಿ ಅಷ್ಟು ಸಣ್ಣ ಕೆತ್ತನೆ ಕಷ್ಟ. ಲಕ್ಕುಂಡಿಯವರಿಗೆ ಮೆದುವಾದ, ನುಣುಪಾದ ಕರಿಹಸಿರು ಕಲ್ಲು ಸಿಕ್ಕಿತು, ಅದಕ್ಕೇ ಆ ಕಂಬಗಳು ಹಾಗೆ ಬಂದವು. ಕಲ್ಲು ತನ್ನ ಕೆತ್ತನೆಯನ್ನು ಕೇಳಿ ಪಡೆಯಿತು ಅನ್ನಬೇಕು. ಸಿಮೆಂಟಿಗೆ ಆ ಹಕ್ಕಿಲ್ಲ. ಹೀಗೆ ಕಂಬ ಮುಟ್ಟಿಸಿ ಹೇಳಿದರೆ ಅವರೂ ಒಪ್ಪುತ್ತಾರೆ. ಅವರಿಗೆ ಬೇಕಾದದ್ದು ಈ ಕಟ್ಟಡ ಎಲ್ಲೋ ಬೇರೆ ಊರಿನದು ಅನ್ನಿಸಬಾರದು ಅಂತ. ನ್ಯಾಯವಾದ ಆಸೆ. ಇಲ್ಲೇ ಧಾರವಾಡದ ಮಾಳಮಡ್ಡಿಯ ಹಳೆ ಮನೆಗಳ ಹಂಚು, ಉದ್ದನೆಯ ಪಡಸಾಲೆ, ಕೂರಲು ಕಟ್ಟೆ, ಅವನ್ನು ನೋಡಿಕೊಂಡು ಬಾ. ಒಳ್ಳೆಯ ಉತ್ತರ ಅಲ್ಲಿದೆ.

ಇನ್ನೊಂದು ಕೆಲಸ ಮಾಡು, ಇದನ್ನು ಯಾರೂ ಮಾಡೋದಿಲ್ಲ. ಸಭೆಯಲ್ಲಿ ಬಂದ ಒಂದೊಂದು ಮಾತನ್ನೂ ಬರೆದುಕೋ. ಪಕ್ಕದಲ್ಲಿ ಏನು ಬದಲಾಯಿತು ಅಂತ ಬರೆ. ಬದಲಾಗದಿದ್ದರೆ ಯಾಕೆ ಆಗಲಿಲ್ಲ ಅಂತ ಬರೆ. ‘ಪರಿಶೀಲಿಸಲಾಗುವುದು’ ಅಂತ ಮಾತ್ರ ಬರೆಯಬೇಡ, ಅದನ್ನು ಓದಿ ನಮ್ಮ ತಲೆ ನೆರೆತಿದೆ. ಆ ಹಾಳೆಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಮಾರುಕಟ್ಟೆಯ ಚಹಾದಂಗಡಿಯ ಗೋಡೆಗೆ ಅಂಟಿಸು. ಇಲ್ಲದಿದ್ದರೆ ಯಾರೋ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾರೆ, 30 ದಿನದಲ್ಲಿ ಅದನ್ನೇ ಕೊಡಬೇಕಾಗುತ್ತದೆ. ಅದರ ಬದಲು ನೀನೇ ಮೊದಲು ಕೊಡು. ಪಾರ್ಕಿಂಗ್ ಕೇಳಿದವರಿಗೂ ಉತ್ತರ ಬರೆ. ಪಾರ್ಕಿಂಗ್ ಕೇಳುವವರು ಎಲ್ಲ ಸಭೆಯಲ್ಲೂ ಇರುತ್ತಾರೆ, ನನ್ನ ಶ್ರಾದ್ಧಕ್ಕೂ ಬಂದು ಕೇಳುತ್ತಾರೆ.

ಈ ತಿದ್ದುವ ಕೆಲಸಕ್ಕೆ ಹಣ ಯಾರು ಕೊಡುತ್ತಾರೆ ಅಂತ ನಿನ್ನ ಆಫೀಸಿನ ಹಿರಿಯರು ಕೇಳುತ್ತಾರೆ. ಕೇಳಲಿ, ಸರಿಯಾದ ಪ್ರಶ್ನೆಯೇ. ಈ ಸಲ ನುಂಗಿಕೊಳ್ಳಬೇಕು. ಮುಂದಿನ ಕೆಲಸಕ್ಕೆ ಫೀ ಮಾತಾಡುವಾಗಲೇ ಜನರ ಸಭೆಯ ನಂತರ ಎರಡು ಸಲ ತಿದ್ದುವ ದಿನಗಳನ್ನೂ ಖರ್ಚನ್ನೂ ಸೇರಿಸಿ ಬರೆಸಿರಿ. ನಿಮ್ಮಪ್ಪ ‘ಆ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಲಿ’ ಅಂತ ನನಗೆ ಫೋನ್ ಮಾಡಿದ್ದ. ಹೋಗುವುದಾದರೆ ಹೋಗು, ಆದರೆ ಬೈಸಿಕೊಂಡ ಸಿಟ್ಟಿಗೆ ಹೋಗಬೇಡ.

ಪಡುವಣ ಗೋಡೆಯ ಸೆಕ್ಷನ್, ಅಂದರೆ ಗೋಡೆಯನ್ನು ಸೀಳಿ ತೋರಿಸುವ ನಕ್ಷೆ, ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಕಳಿಸು. ಮೊಬೈಲಿನಲ್ಲಿ ನನಗೆ ಅಳತೆ ಕಾಣೋದಿಲ್ಲ. ಸುಣ್ಣದ ಗೆರೆ ಹಾಕಿಸುವ ದಿನ ಮೊದಲೇ ತಿಳಿಸು, ಟೇಪು ಹಿಡಿಯಲು ನಾನೂ ಬರುತ್ತೇನೆ. ಬೆಳಿಗ್ಗೆ ಆರಕ್ಕೆ ಇಟ್ಟುಕೋ. ಬಿಸಿಲೇರಿದ ಮೇಲೆ ನಿನ್ನ ದೊಡ್ಡಮ್ಮ ನನ್ನನ್ನು ಮನೆಯಿಂದ ಬಿಡುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ