ಖಾಲಿ ಡಬ್ಬಿ, ಕತ್ತರಿಸಿದ ಕಾಗದ, ನಾಲ್ಕು ವಾರ

ನವರಾತ್ರಿಗೆ ಇನ್ನೆರಡು ತಿಂಗಳಿದೆ. ಅರಿಶಿನ-ಕುಂಕುಮಕ್ಕೆ ಬರುವವರಿಗೆ ತಾಂಬೂಲದ ಜೊತೆ ಕೊಡಲೆಂದು ಪ್ಲಾಸ್ಟಿಕ್ ಡಬ್ಬಿ ಕೊಳ್ಳುವ ಮೊದಲು, ಮನೆಯಲ್ಲಿ ಖಾಲಿಯಾಗಿರುವ ತುಪ್ಪದ ಗಾಜಿನ ಬಾಟಲಿ, ಕಾಫಿಪುಡಿಯ ತಗಡಿನ ಡಬ್ಬಿಗಳನ್ನೊಮ್ಮೆ ನೋಡಿ. ಕಾಗದದ ಚಿತ್ರ ಕತ್ತರಿಸಿ, ಅಂಟಿಸಿ, ಮೇಲೆ ವಾರ್ನಿಷ್ ಬಳಿಯುವ ಡಿಕೂಪಾಜ್ ಕೆಲಸಕ್ಕೆ ಇವು ಹೇಳಿಮಾಡಿಸಿದಂತಿವೆ. 18ನೇ ಶತಮಾನದ ವೆನಿಸ್‌ನಲ್ಲಿ ಪೂರ್ವ ದೇಶಗಳ ಲ್ಯಾಕರ್ ಎಂಬ ಹೊಳಪು ಲೇಪದ ಸಾಮಾನು ದುಬಾರಿಯಾಗಿದ್ದಾಗ, ಅಲ್ಲಿನ ಕುಶಲಕರ್ಮಿಗಳು ಅಚ್ಚಿನ ಚಿತ್ರಗಳಿಗೆ ಬಣ್ಣ ತುಂಬಿ ಮರಕ್ಕೆ ಅಂಟಿಸಿ, ಪದರದ ಮೇಲೆ ಪದರ ವಾರ್ನಿಷ್ ಕೊಟ್ಟು ಅದೇ ಹೊಳಪು ತರುತ್ತಿದ್ದರು. ನಮ್ಮ ಊರುಗಳಲ್ಲಿ ನೆನೆಸಿದ ಕಾಗದವನ್ನೂ ಮೆಂತ್ಯವನ್ನೂ ರುಬ್ಬಿ ಮೊರ, ಬುಟ್ಟಿಗೆ ಸವರುತ್ತಿದ್ದುದೂ ಇದರ ನೆಂಟನೇ. ಅಲ್ಲಿ ಮೆಂತ್ಯದ ಲೋಳೆಯೇ ಅಂಟು.

ಕೆಲಸ ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ಜಿಡ್ಡು ಮತ್ತು ತೇವ. ಲೇಬಲಿನ ಅಂಟು ಬಿಡದಿದ್ದರೆ ಅಡುಗೆ ಎಣ್ಣೆ, ಅಡುಗೆ ಸೋಡಾ ಸಮಸಮ ಕಲಸಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಉಜ್ಜಿ. ಆಮೇಲೆ ಸೋಪು, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ರಬ್ಬಿಂಗ್ ಆಲ್ಕೋಹಾಲಿನಲ್ಲಿ ಒರೆಸಲೇಬೇಕು. ಎಣ್ಣೆಯ ಪಸೆ ಉಳಿದ ಜಾಗದಲ್ಲಿ ಕಾಗದ ಕೆಲವೇ ದಿನಗಳಲ್ಲಿ ಎದ್ದುಬರುತ್ತದೆ. ತಗಡಿನ ಡಬ್ಬಿಯನ್ನು 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ, ಬಿಳಿ ಅಕ್ರಿಲಿಕ್ ಬಣ್ಣ ಎರಡು ಸಲ ಕೊಡಿ. ಕೆಳಗೆ ಬಿಳುಪಿಲ್ಲದಿದ್ದರೆ ತೆಳು ಕಾಗದದ ಚಿತ್ರ ಮಂಕಾಗುತ್ತದೆ.

ಶುರುಮಾಡುವವರಿಗೆ ಬಣ್ಣದ ಪೇಪರ್ ನ್ಯಾಪ್ಕಿನ್ ಸಾಕು. ಅದರ ಪದರಗಳನ್ನು ಬಿಡಿಸಿ, ಅಚ್ಚಿರುವ ಮೇಲಿನದನ್ನು ಮಾತ್ರ ಬಳಸಿ. ಎರಡು ಪಾಲು ಬಿಳಿ ಫೆವಿಕಾಲ್ ಥರದ ಅಂಟಿಗೆ ಒಂದು ಪಾಲು ನೀರು ಬೆರೆಸಿ, ಒಂದಿಂಚಿನ ಮೆತ್ತನೆ ಬ್ರಶ್ಶಿನಿಂದ ಡಬ್ಬಿಗೆ ತೆಳ್ಳಗೆ ಹಚ್ಚಿ, ಕಾಗದವನ್ನು ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಿ. ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಇಟ್ಟು ಬೆರಳಾಡಿಸಿದರೆ ಹರಿಯುವುದಿಲ್ಲ. ದಪ್ಪ ಕಾಗದದ ಸ್ವಭಾವ ಬೇರೆ: ತೇವ ಕುಡಿದು ಹಿಗ್ಗುತ್ತದೆ, ಒಣ ಕಾಗದವನ್ನೇ ಅಂಟಿಸಿದರೆ ಡಬ್ಬಿಯ ಮೇಲೆ ಹಿಗ್ಗಿ ಸುಕ್ಕಾಗುತ್ತದೆ. ಮೊದಲೇ ಹಿಂಬದಿಗೆ ಅಂಟು ಹಚ್ಚಿ ಒಂದು ನಿಮಿಷ ಬಿಡಿ. ಬಾಟಲಿ ಉಬ್ಬಿರುವ ಕಡೆ ಚಿಕ್ಕ ತುಂಡುಗಳೇ ಸರಿ. ಇಂಕ್‌ಜೆಟ್ ಮುದ್ರಣದ ಬಣ್ಣ ನೀರು ಸೋಕಿದರೆ ಹರಡುತ್ತದೆ, ಲೇಸರ್ ಪ್ರತಿ ತೆಗೆಸಿ.

ಎಸೆಯಲು ಮನಸ್ಸಾಗದ ಲಗ್ನಪತ್ರಿಕೆಗಳು ಎಲ್ಲರ ಮನೆಯಲ್ಲೂ ಇವೆ. ರಟ್ಟು ಬಾಗುವುದಿಲ್ಲ, ಮೂಲೆ ನೆನೆಸಿ ಮೇಲಿನ ಪದರ ಸುಲಿದುಕೊಳ್ಳಿ. ಚಿನ್ನದ ಮಿರುಗು ಒತ್ತಿದ ಕಡೆ ನೀರಿನ ಅಂಶದ ಲೇಪ ಹನಿಗಟ್ಟಿ ಸರಿಯುತ್ತದೆ, ಅಲ್ಲಿಗೆ ಸ್ಪ್ರೇ ವಾರ್ನಿಷ್ ಬೇಕು. ಗಣಪತಿಯ ಚಿತ್ರವನ್ನು ಕುಂಕುಮದ ಡಬ್ಬಿಗೆ ಮೀಸಲಿಡುವುದು ನಮಗೆ ಸರಿಯೆನಿಸುತ್ತದೆ; ದಿನವೂ ಜಿಡ್ಡುಗೈ ತಾಗುವ ಒಗ್ಗರಣೆ ಡಬ್ಬಿಗೆ ಬೇಡ.

ಅಂಟಿಸಿದ್ದು ಒಂದು ರಾತ್ರಿ ಒಣಗಲಿ. ಗುಳ್ಳೆ ಎದ್ದಿದ್ದರೆ ಸೂಜಿಯಿಂದ ಚುಚ್ಚಿ ಅಂಟು ತುಂಬಿ ಒತ್ತಿ. ಬಳಿಕ ನೀರಿನ ಅಂಶದ (ವಾಟರ್-ಬೇಸ್ಡ್) ಪಾಲಿಯುರೆಥೇನ್ ವಾರ್ನಿಷನ್ನು ನಾಲ್ಕೈದು ಸಲ, ಪ್ರತಿಸಲವೂ ತೆಳ್ಳಗೆ, ಎರಡೆರಡು ಗಂಟೆ ಬಿಟ್ಟು ಕೊಡಿ. ಅವಸರದಲ್ಲಿ ದಪ್ಪ ಬಳಿದರೆ ಒಳಗೆ ತೇವ ಸಿಕ್ಕಿಕೊಂಡು ಹಾಲಿನಂತೆ ಬೆಳ್ಳಗಾಗುತ್ತದೆ. ತೇವದ ಬೇಸ್‌ಮೆಂಟ್ ಇದಕ್ಕೆ ಆಗದು. ಮುಟ್ಟಿದರೆ ಒಣಗಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ನಾಲ್ಕು ವಾರ ಬೇಕು. ಅಷ್ಟರೊಳಗೆ ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುತ್ತವೆ. ಅದಕ್ಕೇ ಈಗಲೇ ಹೇಳುತ್ತಿದ್ದೇವೆ.

ಬಾಯಂಚಿನಿಂದ ಎರಡು ಸೆಂಟಿಮೀಟರ್ ಕೆಳಗೆ ಕಾಗದ ನಿಲ್ಲಿಸಿ, ಒಳಗಡೆ ಏನನ್ನೂ ಬಳಿಯಬೇಡಿ. ಅಡಿಕೆ, ಕಲ್ಲುಸಕ್ಕರೆ, ಒಣದ್ರಾಕ್ಷಿ ಧಾರಾಳವಾಗಿ ತುಂಬಬಹುದು. ಕೊಡುವಾಗ ಒಂದು ಚೀಟಿ ಇಡಿ: ಡಿಶ್‌ವಾಷರಿಗೆ ಹಾಕಬಾರದು, ನೀರಿನಲ್ಲಿ ಮುಳುಗಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.