ಎಸಿ, ಹೀಟರ್ ಬದಲಿಸುವ ಮುನ್ನ: ಪರ್ಮಿಟ್ ಕುರಿತು ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಎಸಿ ಹಾಕಿಸುವ ಬಗ್ಗೆ ಪ್ರಶ್ನೆಗಳು ಹೆಚ್ಚಿರುವುದರಿಂದ, ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಮನೆಯಿರುವ ಸದಸ್ಯರ ಗಮನಕ್ಕೆ ಈ ವಿಷಯ ತರುತ್ತಿದ್ದೇವೆ. ಹೊಸದಾಗಿ ಎಸಿ, ಫರ್ನೇಸ್ (ಮನೆ ಬೆಚ್ಚಗಿಡುವ ಯಂತ್ರ) ಅಥವಾ ಹೀಟ್ ಪಂಪ್ (ಬಿಸಿ, ತಂಪು ಎರಡನ್ನೂ ಕೊಡುವ ಯಂತ್ರ) ಅಳವಡಿಸುವುದಕ್ಕೆ ಮಾತ್ರವಲ್ಲ, ಹಳೆಯದನ್ನು ತೆಗೆದು ಅದೇ ಜಾಗದಲ್ಲಿ ಅದೇ ಬಗೆಯದನ್ನು ಕೂರಿಸುವುದಕ್ಕೂ ನಿಮ್ಮ ನಗರದ ಅಥವಾ ಕೌಂಟಿಯ ಕಟ್ಟಡ ವಿಭಾಗದಿಂದ ಪರ್ಮಿಟ್ ಪಡೆಯಬೇಕು. ಪ್ಲಗ್‌ಗೆ ಸಿಕ್ಕಿಸಿ ಬಳಸುವ ಪೋರ್ಟಬಲ್ ಯಂತ್ರಗಳಿಗೆ ಇದು ಅನ್ವಯಿಸುವುದಿಲ್ಲ.

ಕೆಲಸ ವಹಿಸಿಕೊಳ್ಳುವವರ ಬಳಿ ರಾಜ್ಯದ ಸಿ-20 ಪರವಾನಗಿ (ಎಸಿ, ಹೀಟಿಂಗ್ ಕೆಲಸದ ಗುತ್ತಿಗೆದಾರರಿಗೆ ಕೊಡುವಂಥದ್ದು) ಇದೆಯೇ ಎಂಬುದನ್ನು ರಾಜ್ಯದ ಗುತ್ತಿಗೆದಾರರ ಪರವಾನಗಿ ಮಂಡಳಿಯ (CSLB) ಜಾಲತಾಣದಲ್ಲಿ ನೀವೇ ನೋಡಿಕೊಳ್ಳಿ. "ಪರ್ಮಿಟ್ ನಿಮ್ಮ ಹೆಸರಿನಲ್ಲೇ ತೆಗೆಸಿ, ದರ ಇಳಿಸುತ್ತೇವೆ" ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಕೆಲಸ ನಿಯಮಬದ್ಧವಾಗಿ ನಡೆಯುವ ಹೊಣೆ ನಿಮ್ಮ ಮೇಲೆ ಬರುವುದಲ್ಲದೆ, ಕೆಲಸಗಾರ ಗಾಯಗೊಂಡಾಗಲೂ ನೀವೇ ಉತ್ತರಿಸಬೇಕಾದೀತು. ಇಂಥ ರಿಯಾಯಿತಿ ನಮಗಂತೂ ದುಬಾರಿಯೆಂದೇ ತೋರುತ್ತದೆ.

ಪರ್ಮಿಟ್ ಕೈಗೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಟ್ಟಡಗಳಿಗೆ ರಾಜ್ಯ ವಿಧಿಸಿರುವ ಟೈಟಲ್ 24 ಇಂಧನ ನಿಯಮದಂತೆ, ಮನೆಯೊಳಗೆ ಗಾಳಿ ಸಾಗಿಸುವ ಕೊಳವೆಗಳಾದ ಡಕ್ಟ್‌ಗಳಿಂದ ಗಾಳಿ ಎಷ್ಟು ಸೋರುತ್ತಿದೆ ಎಂಬುದನ್ನು ಸಾಮಾನ್ಯವಾಗಿ ಸ್ವತಂತ್ರ ಪರೀಕ್ಷಕರಿಂದ ಅಳೆಸಬೇಕಾಗುತ್ತದೆ. ಅನಂತರ ನಗರದ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಆ ವೇಳೆಗೆ ಮನೆಯಲ್ಲಿ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಾಂಗಳು ಸರಿಯಾಗಿರಲಿ.

ಪರ್ಮಿಟ್ ಇಲ್ಲದೆ ಮಾಡಿಸಿದ್ದು ನಿಮಗೆ ಗೊತ್ತಿದ್ದರೆ, ಮನೆ ಮಾರುವಾಗ ಅದನ್ನು ಖರೀದಿದಾರರಿಗೆ ಬರವಣಿಗೆಯಲ್ಲಿ ತಿಳಿಸಬೇಕಾಗುತ್ತದೆ. ಶುಲ್ಕ ಊರಿಂದೂರಿಗೆ ಬೇರೆಯಾದ್ದರಿಂದ ಅದನ್ನು ಗುಂಪಿನಲ್ಲಿ ಕೇಳದೆ ನಿಮ್ಮ ನಗರದ ಕಚೇರಿಯಲ್ಲೇ ವಿಚಾರಿಸಿ.

— ಗುಂಪಿನ ನಿರ್ವಾಹಕರು