ಸ್ಕೋಪ್ ರೈಫಲ್ ಹಿಡಿಯುವವರಿಗೆ: ಕಿವಿಯ ವಿಷಯ

ಎಲ್ಲರಿಗೂ ನಮಸ್ಕಾರ. ಸ್ಕೋಪ್ (ಗುರಿ ನೋಡುವ ದುರ್ಬೀನು) ನೋಡಲು ಕೆನ್ನೆ ಒತ್ತಿದ ಕೂಡಲೇ ಇಯರ್‌ಮಫ್, ಅಂದರೆ ಸದ್ದು ತಡೆಯಲು ಕಿವಿಯ ಮೇಲೆ ಹಾಕುವ ಮುಚ್ಚಿಗೆ, ರೈಫಲ್ಲಿನ ಹಿಂಬದಿಗೆ ತಗುಲಿ ಮೇಲೇಳುತ್ತದೆ, ಅಲ್ವಾ? ಸದ್ದು ನುಗ್ಗಲು ಆ ಸಣ್ಣ ಸಂದಿಯೇ ಸಾಕು. ರೈಫಲ್ ಸದ್ದು ಸಾಮಾನ್ಯವಾಗಿ 140 ಡೆಸಿಬಲ್ ದಾಟುತ್ತದೆ. ಒಂದೇ ಗುಂಡು ಕಿವಿಗೆ ಕಾಯಂ ಪೆಟ್ಟು ಕೊಡಬಹುದು.

ಕಿವಿಯೊಳಗೆ ಫೋಮ್ ಪ್ಲಗ್ (ಮೆತ್ತನೆಯ ಬಿರಡೆ), ಮೇಲೆ ತೆಳು ಬಟ್ಟಲಿನ ಮಫ್ ಹಾಕಿ. ಪ್ಲಗ್ಗನ್ನು ಸುಮ್ನೆ ತುರುಕಬೇಡಿ. ತೆಳ್ಳಗೆ ಹೊಸೆಯಿರಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಉಬ್ಬುವವರೆಗೆ ಬೆರಳಿನಿಂದ ಹಿಡಿದಿರಿ. ಎರಡೂ ಹಾಕಿದರೆ ರಕ್ಷಣೆ ದುಪ್ಪಟ್ಟಾಗದು, ಸುಮಾರು 5 ಡೆಸಿಬಲ್ ಜಾಸ್ತಿ ಅಷ್ಟೇ. ಆದರೆ ಮಫ್ ಜರುಗಿದರೂ ಪ್ಲಗ್ ಕಾಯುತ್ತದೆ, ನನಗೆ ಅದೇ ಮುಖ್ಯ.

ಕನ್ನಡಕದ ದಪ್ಪ ಕಡ್ಡಿಯೂ ಸಂದಿ ಮಾಡುತ್ತದೆ. ಮಫ್ ತಾಗುತ್ತದೆಂದು ಕತ್ತು ಓರೆ ಮಾಡಬೇಡಿ, ಕೆನ್ನೆ ಇಡುವ ಪಟ್ಟಿಯನ್ನು ಎತ್ತರಿಸಿಕೊಳ್ಳಿ.